ಪೂರ್ಣೇಶನ ಅಭಿಮಾನಿಗಳು

ರಿಪ್ಪನ್‌ಪೇಟೆಯ ಸಾಗರ ರಸ್ತೆಯಲ್ಲಿ ಪೂರ್ಣೇಶನ ಸ್ಟಿಕರ್ ಅಂಗಡಿ ಇತ್ತು. ಬೈಕಿನ ನಂಬರ್ ಪ್ಲೇಟು, ಆಟೋ ಹಿಂದೆ ಮಕ್ಕಳ ಹೆಸರು, ಮದುವೆ ಕಾರಿನ ಗಾಜಿಗೆ ಗಂಡು ಹೆಣ್ಣಿನ ಹೆಸರು, ಗೃಹಪ್ರವೇಶದ ಫ್ಲೆಕ್ಸು, ಇವು ಅವನ ಹೊಟ್ಟೆಪಾಡು. ಮಿಷನ್ನು ರೇಡಿಯಂ ಹಾಳೆ ಕತ್ತರಿಸುವಷ್ಟು ಹೊತ್ತು ಅವನು ಕೌಂಟರಿನ ಕೆಳಗಿಂದ ಒಂದು ರಟ್ಟು ಎಳೆದು ಕಪ್ಪು ಶಾಯಿಯಲ್ಲಿ ಚಿತ್ರ ಬರೆಯುತ್ತಿದ್ದ. ಗಿರಾಕಿ ಮೆಟ್ಟಿಲು ಹತ್ತಿದರೆ ರಟ್ಟು ಒಳಗೆ ಹೋಗುತ್ತಿತ್ತು.

"ಎಂತ ಪೂರ್ಣೇಶ, ಕೆಳಗೆ ಬಾಟ್ಲಿ ಇಟ್ಕಂಡಿದ್ಯಾ?" ಎಂದು ಆಟೋದವರು ಛೇಡಿಸುತ್ತಿದ್ದರು.

ಅವನು ಬರೆಯುತ್ತಿದ್ದದ್ದು ಮಾಂಗಾ. ಜಪಾನಿನವರು ಕಂತು ಕಂತಾಗಿ ಓದುವ ಕಪ್ಪು ಬಿಳುಪಿನ ಚಿತ್ರಕಥೆಗೆ ಆ ಹೆಸರು. ಪೂರ್ಣೇಶನದು ಕನ್ನಡದ ಮಾಂಗಾ. ಕವಲೇದುರ್ಗದ ಕೋಟೆಯಲ್ಲಿ ಸಿಪಾಯಿಗಳಿಗೆ ಬೇಯಿಸಿ ಹಾಕುವ ದ್ಯಾವಿ ಎಂಬ ಹುಡುಗಿ, ಮುತ್ತಿಗೆ ಬಿದ್ದ ಕೋಟೆಯೊಳಗೆ ಉಳಿದಿರುವ ಅಕ್ಕಿಯಲ್ಲಿ ದಿನ ದೂಡುವ ಕಥೆ. ಮೊದಲ ಕಂತುಗಳನ್ನು ಅವನು ಜಪಾನಿನ ಕ್ರಮದಂತೆ ಬಲದಿಂದ ಎಡಕ್ಕೆ ಬರೆದಿದ್ದ. ಅವನ್ನು ನೋಡಿದವರೆಲ್ಲ ಪಿನ್ನು ತಿರುಗಾಮುರುಗಾ ಹೊಡೆದಿದ್ದಾನೆ ಅಂದುಕೊಂಡರು.

ಧನ್ಯಶ್ರೀ ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ಸ್ಕೂಟರಿನ ನಂಬರ್ ಪ್ಲೇಟಿಗೆಂದು ಆ ಅಂಗಡಿಗೆ ಹೋದವಳು ರಟ್ಟಿನ ಮೇಲಿನ ಪುಟ ನೋಡಿದಳು. ದ್ಯಾವಿಯ ಬಾಯಿಂದ "ನೀನು ಎಲ್ಲಿಗೆ ಹೋಗುತ್ತಿರುವೆ?" ಎಂಬ ಮಾತು ಬರುತ್ತಿತ್ತು.

"ಒಲೆ ಮುಂದೆ ಕೂತ ಹುಡುಗಿ ಹಿಂಗೆ ಮಾತಾಡ್ತಾಳೇನ್ರೀ?" ಎಂದಳು ಧನ್ಯಶ್ರೀ.

ಅವನು ನಾಚಿಕೊಂಡು ಪೆನ್ಸಿಲನ್ನು ಅವಳತ್ತ ಚಾಚಿದ. "ಹೆಂಗ್ ಮಾತಾಡ್ತಾಳೆ ನೀವೇ ಹೇಳಿ ಮೇಡಂ."

ಆ ದಿನ ನಂಬರ್ ಪ್ಲೇಟು ಸೊಟ್ಟಗೆ ಅಂಟಿತು. ದ್ಯಾವಿಯ ಮಾತು ನೆಟ್ಟಗಾಯಿತು. ಅಲ್ಲಿಂದ ಮುಂದೆ ಪ್ರತಿ ಕಂತನ್ನೂ ಮೊದಲು ಓದುವವಳು ಅವಳೇ. 'ಮೇಡಂ' ಹೋಗಿ 'ಧನ್ಯಾ' ಬರಲು ಒಂದು ಮಳೆಗಾಲ ಹಿಡಿಯಿತು.

ಪೂರ್ಣೇಶ ಎಂಥವನೆಂದು ಅವಳಿಗೆ ತಿಳಿದದ್ದು ಒಂದು ಪಾರ್ಸೆಲ್ಲಿನ ದೆಸೆಯಿಂದ. ಮೊದಮೊದಲು ಅವನೂ ಎಲ್ಲರಂತೆ ಫೋನಿನಲ್ಲಿ ಬಿಟ್ಟಿ ಓದುತ್ತಿದ್ದವನೇ. ಯಾರೋ ಕದ್ದು ಸ್ಕ್ಯಾನ್ ಮಾಡಿ, ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದನ್ನು ರಾಶಿ ರಾಶಿ ಓದಿದ್ದ. ಮೀನುಗಾರರ ಊರಿನ ಐಸ್ ಫ್ಯಾಕ್ಟರಿಯ ಬಗ್ಗೆ ಒಂದು ಕಥೆ ಅವನಿಗೆ ಜೀವ. ಅದು ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಪುಸ್ತಕಗಳು ಖರ್ಚಾಗದ್ದರಿಂದ ಅದನ್ನು ಕಂತಾಗಿ ಹಾಕುತ್ತಿದ್ದ ಪತ್ರಿಕೆಯವರು ಕೈಬಿಟ್ಟರು, ಓದಿದವರಿಗೆ ವಂದನೆ ಎಂದು ಬರೆದವನ ಎರಡು ಸಾಲು ಕೊನೆಯಲ್ಲಿತ್ತು.

"ನಾನು ಅವನ ಒಂದೊಂದು ಪುಟಾನೂ ನಾಕ್ ನಾಕ್ ಸಲ ಓದಿದೀನಿ ಧನ್ಯಾ. ಅವನ ಪಾಲಿಗೆ ನಾನು ಇಲ್ವೇ ಇಲ್ಲ," ಎಂದಿದ್ದ ಅವನು.

ಆಮೇಲೆ ಅವನು ಆ ಕಥೆಯ ಜಪಾನಿ ಪುಸ್ತಕಗಳನ್ನೇ ತರಿಸಿದ. ಪೋಸ್ಟಿನವನು ಸುಂಕವನ್ನೂ ಕಟ್ಟಿಸಿಕೊಂಡು ಪೊಟ್ಟಣ ಕೊಟ್ಟು ಹೋದ. ಅವನ ತಾಯಿ ಹಾಲಮ್ಮ ಪುಸ್ತಕ ಬಿಡಿಸಿ, ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಇದು ಓದಕ್ ಬರುತ್ತೇನಾ ನಿಂಗೆ?"

"ಇಲ್ಲಮ್ಮ."

"ಮತ್ತೆ ಯಾಕ್ ತರ್ಸಿದ್ಯಾ?"

"ಓದಿ ಆಗಿದೆ. ಇದು ಓದಿದ್ದಕ್ಕೆ."

"ಉಂಡ ಮೇಲೆ ಹೋಟ್ಲು ಹುಡಿಕ್ಕಂಡ್ ಹೋಗಿ ದುಡ್ಡು ಕೊಟ್ಟಂಗೆ," ಎಂದರು ಹಾಲಮ್ಮ. ಬೈದರೋ ಮೆಚ್ಚಿದರೋ ಅಲ್ಲೇ ಕೂತಿದ್ದ ಧನ್ಯಶ್ರೀಗೆ ತಿಳಿಯಲಿಲ್ಲ. ಸಂಪುಟಗಳನ್ನು ಮಾತ್ರ ಅವರು ಸೀರೆಯ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟರು.

ಜಪಾನಿನ ಓದುಗರು ಬರೆಯುವವರನ್ನು ಹೇಗೆ ಸಾಕುತ್ತಾರೆ ಎಂಬುದನ್ನು ಪೂರ್ಣೇಶ ಓದಿ ತಿಳಿದುಕೊಂಡ. ಹೊಸ ಸಂಪುಟ ಬಂದ ವಾರವೇ ಕೊಳ್ಳುತ್ತಾರೆ, ಯಾಕೆಂದರೆ ಕಥೆ ಮುಂದುವರಿಯುವುದೋ ನಿಲ್ಲುವುದೋ ಆ ವಾರದ ಮಾರಾಟದ ಮೇಲೆ ನಿಂತಿರುತ್ತದೆ. ತಮಗೊಂದು, ಸ್ನೇಹಿತರಿಗೊಂದು ಕೊಳ್ಳುವವರಿದ್ದಾರೆ. ತಿಂಗಳಿಗೆ ಇಷ್ಟು ಅಂತ ನೇರ ಕಳಿಸುವವರಿದ್ದಾರೆ. ತನ್ನ ಓದುಗರೂ ಹೀಗೇ ಮಾಡುತ್ತಾರೆ ಎಂದು ಅವನು ನಂಬಿದ್ದ. ಅವರೂ ಮಾಂಗಾ ಓದುವವರೇ ಅಲ್ಲವೆ, ಅವರಿಗೆ ತಿಳಿಯದೆ ಇರುತ್ತದೆಯೆ ಎನ್ನುತ್ತಿದ್ದ.

ದ್ಯಾವಿಯ ಕಥೆಯನ್ನು ಅವನು ಇಂಟರ್ನೆಟ್ಟಿನಲ್ಲಿ ಹದಿನೈದು ದಿನಕ್ಕೊಂದು ಕಂತಿನಂತೆ ಹಾಕುತ್ತಿದ್ದ. ಓದುವವರು ಬೆಳೆದರು. ಸಾಗರದಲ್ಲಿ ಕೋಚಿಂಗ್ ಸೆಂಟರ್ ನಡೆಸುವ ಸುನಿಲ್ ಎಂಬುವವನು ವಾಟ್ಸಾಪಿನಲ್ಲಿ 'ದ್ಯಾವಿ ಬಳಗ' ಕಟ್ಟಿದ. ಹೊಸನಗರದ ಕಾಲೇಜು ಹುಡುಗಿಯೊಬ್ಬಳು ದ್ಯಾವಿಯ ಸೌಟನ್ನು ಮೊಣಕೈ ಮೇಲೆ ಹಚ್ಚೆ ಹಾಕಿಸಿಕೊಂಡಳು. ಎಲ್ಲರೂ ಪುಸ್ತಕ ಯಾವಾಗ, ಪುಸ್ತಕ ಯಾವಾಗ ಎಂದು ಕೇಳುವವರೇ.

ಸಾಗರದಲ್ಲಿ ಶಿವರಾಮಣ್ಣನ ಪ್ರೆಸ್ಸಿತ್ತು. ಲಗ್ನಪತ್ರಿಕೆ, ರಸೀದಿ ಪುಸ್ತಕ ಅಚ್ಚು ಹಾಕುವ ಜಾಗ. ಶಿವರಾಮಣ್ಣ ಪುಟಗಳನ್ನು ಕನ್ನಡಕ ಏರಿಸಿ ನೋಡಿ, "ಚೊಲೋ ಇದ್ದು ಮಾರಾಯ. ಮುನ್ನೂರು ಜನ ಮುಂಗಡ ಕೊಟ್ರೆ ನಾನು ಕಾಗದ ತರಿಸ್ತೆ. ನನ್ನ ಕೂಲಿ ಆಮೇಲೆ ನೋಡಣ," ಎಂದ. ಪೂರ್ಣೇಶ ಬಳಗದಲ್ಲಿ ವಿಷಯ ಹಾಕಿದ. ಕೆಂಪು ಹೃದಯಗಳು ಸುರಿದವು. 'ಜೈ ದ್ಯಾವಿ' ಎಂದರು. ಮುಂಗಡ ಕಳಿಸಿದವರು ಒಂದು ಪಂಕ್ತಿಗೆ ಕೂರಿಸುವಷ್ಟೂ ಇರಲಿಲ್ಲ.

ಅವನು ಮತ್ತೊಮ್ಮೆ ಕೇಳಲಿಲ್ಲ. ಕೇಳು ಎಂದು ಧನ್ಯಶ್ರೀ ಹೇಳಿದಳು. "ಸಾಲ ವಸೂಲಿಗೆ ಬಂದಂಗಾಗುತ್ತೆ," ಎಂದ.

ಒಂದು ದಿನ ಸುನಿಲ್ ಅಂಗಡಿಗೇ ಬಂದ. ಧನ್ಯಶ್ರೀ ಅಲ್ಲೇ ಇದ್ದಳು.

"ಅಣ್ಣಾ, ಬಳಗದಿಂದ ನಿಮಗೊಂದು ಸನ್ಮಾನ ಇಟ್ಕಂಡಿದೀವಿ. ಸಾಗರದಲ್ಲಿ, ಭಾನುವಾರ. ಎಲ್ಲ ಕೈಲಾದಷ್ಟು ಹಾಕ್ತಿದಾರೆ. ಹಾಲ್ ಬುಕ್ ಆಗಿದೆ, ಊಟ ಆಗಿದೆ."

ಪೂರ್ಣೇಶ ಮಿಷನ್ನಿನ ಬ್ಲೇಡು ನೋಡುತ್ತ, "ಪುಸ್ತಕದ್ದು ಒಂಚೂರು..." ಎಂದ.

"ಪುಸ್ತಕ ಎಲ್ಲಿಗೆ ಓಡೋಗುತ್ತೆ ಅಣ್ಣಾ? ಮೊದ್ಲು ನಿಮ್ಮನ್ನ ನಾಕು ಜನ ಗುರುತಿಸ್ಬೇಕು."

ಧನ್ಯಶ್ರೀಗೆ ತಡೆಯಲಾಗಲಿಲ್ಲ. "ಸುನಿಲ್, ಆ ದುಡ್ಡಲ್ಲಿ ಎಲ್ಲ ಒಂದೊಂದು ಪುಸ್ತಕ ತಗಳ್ಳಿ. ಅದೇ ಸನ್ಮಾನ."

ಸುನಿಲ್ ನೊಂದವನಂತೆ ಅವಳನ್ನು ನೋಡಿದ. "ಮೇಡಂ, ಕನ್ನಡ ಟೀಚರ್ ನೀವು. ಕಲೆಗೆ ಬೆಲೆ ಕಟ್ಟಕ್ಕಾಗುತ್ತಾ?" ಮತ್ತೆ ಪೂರ್ಣೇಶನ ಕಡೆ ತಿರುಗಿದ. "ಅಣ್ಣಾ, ಫ್ಲೆಕ್ಸ್ ನಿಮ್ಮತ್ರಾನೇ ಮಾಡ್ಸಣ ಅಂತ. ನಿಮ್ದೇ ಫೋಟೋ, ನಿಮ್ದೇ ಅಂಗಡಿ. ಸ್ವಲ್ಪ ನೋಡಿ ಹಾಕಿ ರೇಟು."

ಪೂರ್ಣೇಶ ತನ್ನ ಸನ್ಮಾನದ ಫ್ಲೆಕ್ಸನ್ನು ತಾನೇ ಮಾಡಿದ. 'ಮಲೆನಾಡಿನ ಹೆಮ್ಮೆಯ ಪುತ್ರ' ಎಂದು ತನ್ನ ಹೆಸರಿನ ಮೇಲೆ ತಾನೇ ಅಕ್ಷರ ಕೂರಿಸಿದ. ಫ್ಲೆಕ್ಸ್ ಬಟ್ಟೆಯ ದುಡ್ಡನ್ನಷ್ಟೇ ತೆಗೆದುಕೊಂಡ.

ಭಾನುವಾರ ಹಾಲ್ ತುಂಬಿತ್ತು. ಅಷ್ಟು ಜನ ತನ್ನ ಹೆಸರಿಗೆ ಸೇರಿದ್ದನ್ನು ಕಂಡು ಪೂರ್ಣೇಶನ ಮುಖ ಅರಳಿದ್ದು ನಿಜ. ಹಾಲಮ್ಮ ಮೊದಲ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಅವನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟರು. ಅವನ ತಲೆಗೆ ದೊಡ್ಡದಾದ ಪೇಟ ಹುಬ್ಬಿನ ಮೇಲೆ ಕೂತು, ಮದುವಣಿಗನನ್ನು ಬಲವಂತವಾಗಿ ಕೂರಿಸಿದ ಹಾಗೆ ಕಾಣುತ್ತಿತ್ತು. ಶಿವರಾಮಣ್ಣನೂ ಬಂದು ಧನ್ಯಶ್ರೀಯ ಪಕ್ಕ ಕೂತಿದ್ದ. ಜನ ಇಷ್ಟಿರುವಾಗ ಮುಂಗಡಕ್ಕೆ ಇದೇ ಸಮಯ ಎಂದು ರಸೀದಿ ಪುಸ್ತಕ ತಂದಿದ್ದ.

ಆಗ ಸುನಿಲ್ ಮೈಕು ಹಿಡಿದು, "ಈಗ ಪೂರ್ಣೇಶಣ್ಣನಿಗೆ ಒಂದು ಸರ್ಪ್ರೈಸ್," ಎಂದ.

ಹುಡುಗರು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ತಂದರು. ಒಳಗೆ ದ್ಯಾವಿ ಇದ್ದಳು. ಅಲ್ಲಿಯವರೆಗಿನ ಕಂತುಗಳನ್ನೆಲ್ಲ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದರು. ಬಂದವರಿಗೆಲ್ಲ ಒಂದೊಂದು, ಉಚಿತ. "ಪುಸ್ತಕ ಪುಸ್ತಕ ಅಂತಿದ್ರಲ್ಲ ಅಣ್ಣಾ, ತಗಳ್ಳಿ, ನಾವೇ ಮಾಡ್ಸಿದೀವಿ!" ಚಪ್ಪಾಳೆ ನಿಲ್ಲಲೇ ಇಲ್ಲ. ಅವನನ್ನು ಸಂತೋಷಪಡಿಸಬೇಕೆಂಬ ಆಸೆ ಬಿಟ್ಟು ಆ ಹುಡುಗರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಧನ್ಯಶ್ರೀಗೆ ಇವತ್ತಿಗೂ ಅದನ್ನು ಕ್ಷಮಿಸಲು ಆಗಿಲ್ಲ.

ಶಿವರಾಮಣ್ಣ ರಸೀದಿ ಪುಸ್ತಕವನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. "ಎಲ್ಲರ ಮನೆಗೂ ದ್ಯಾವಿ ಹೋಗಿ ಆತಲೆ ತಂಗೀ. ಇನ್ನು ನಾನು ಯಾರಿಗೆ ಅಂತ ಅಚ್ಚು ಹಾಕ್ಲಿ?" ಎಂದು ಊಟಕ್ಕೂ ನಿಲ್ಲದೆ ಎದ್ದು ಹೋದ.

ಜನ ಸಾಲುಗಟ್ಟಿ ಆ ಜೆರಾಕ್ಸಿನ ಮೇಲೆ ಸಹಿ ಕೇಳಿದರು. ಪೂರ್ಣೇಶ ಒಬ್ಬೊಬ್ಬರ ಹೆಸರನ್ನೂ ಕೇಳಿ, ಅಚ್ಚುಕಟ್ಟಾಗಿ ಬರೆದು, ಪಕ್ಕದಲ್ಲಿ ದ್ಯಾವಿಯ ಪುಟ್ಟ ಮುಖ ಬಿಡಿಸಿ ಕೊಟ್ಟ.

ವಾಪಸು ಬರುವ ಬಸ್ಸಿನಲ್ಲಿ ಧನ್ಯಶ್ರೀ ಅವನ ಮೇಲೆ ಹರಿಹಾಯ್ದಳು. "ಮೈಕು ಕೈಯಲ್ಲಿತ್ತಲ್ಲ ಪೂರ್ಣೇಶ! ಒಂದ್ ಮಾತು ಹೇಳಕ್ಕೆ ಏನಾಗಿತ್ತು?"

"ಶಾಲು ಹೊದ್ಕಂಡು ದುಡ್ಡು ಕೇಳಕ್ಕಾಗುತ್ತೇನೆ ಮಾರಾಯ್ತಿ?" ಎಂದ ಅವನು. ಹಾಲಮ್ಮ ಮುಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ತಬ್ಬಿಕೊಂಡು ನಿದ್ದೆ ಹೋಗಿದ್ದರು.

ಮುಂಗಡ ಕೊಟ್ಟಿದ್ದ ಆ ಕೆಲವರಿಗೆ ಅವನು ಆ ವಾರವೇ ಹಣ ವಾಪಸು ಕಳಿಸಿದ. ಆದರೆ ಪುಸ್ತಕದ ಆಸೆ ಬಿಡಲಿಲ್ಲ. ಕಥೆಗೆ ಒಂದೇ ಕಂತು ಬಾಕಿ ಇತ್ತು. ದ್ಯಾವಿ ಕೋಟೆಯಿಂದ ಪಾರಾಗುತ್ತಾಳೋ ಇಲ್ಲವೋ ಎಂಬುದು ಅದರಲ್ಲೇ. ಬಹಳ ಹಿಂಜರಿದು ಬಳಗದಲ್ಲಿ ಬರೆದ: ಕೊನೆಯ ಕಂತು ಪುಸ್ತಕದಲ್ಲಿ ಮಾತ್ರ, ದಯವಿಟ್ಟು ಅನ್ಯಥಾ ಭಾವಿಸಬೇಡಿ. ಮುಂಗಡ ಬರಲಿಲ್ಲ. ಹೃದಯಗಳು ಮಾತ್ರ ಕಡಿಮೆಯಾದವು.

ಕೋಟೆಯ ಅಡುಗೆಮನೆಯ ಕಲ್ಲಿನ ಒಲೆಯನ್ನು ಇನ್ನೊಮ್ಮೆ ಕಣ್ಣಾರೆ ನೋಡಿ ಬರೆಯಬೇಕೆಂದು ಅವನು ಚಳಿ ಮುಗಿಯುವ ಹೊತ್ತಿಗೆ ಕವಲೇದುರ್ಗಕ್ಕೆ ಹೋದ. ಒಂದು ಹಗಲೆಲ್ಲ ಪಾಳುಗೋಡೆಯ ಪಕ್ಕ ತರಗೆಲೆಯ ಮೇಲೆ ಕೂತು ಬರೆದ. ಬಂದು ಪುಟಗಳನ್ನು ಮುಗಿಸಿದ. ಮುಗಿಸಿದ ಎರಡು ದಿನಕ್ಕೆ ಜ್ವರ ಬಂತು. ಉಣುಗು ಕಚ್ಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮಂಗನ ಕಾಯಿಲೆ ಎಂದು ಪರೀಕ್ಷೆಯಲ್ಲಿ ತಿಳಿಯುವಷ್ಟರಲ್ಲಿ ಒಸಡಿನಿಂದ ರಕ್ತ ಬರುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ, ಹಾಲಮ್ಮ ಕಾಫಿ ತರಲು ಕೆಳಗೆ ಹೋಗಿದ್ದಾಗ, ಅವನು ತೀರಿಕೊಂಡ. ಮೂವತ್ತನಾಲ್ಕು ವರ್ಷದವನು.

ಹನ್ನೊಂದನೇ ದಿನ ಕಳೆಯುತ್ತಲೇ ಸುನಿಲ್ ಧನ್ಯಶ್ರೀಗೆ ಫೋನು ಮಾಡಿದ. ಅವನು ನಿಜವಾಗಿಯೂ ಅಳುತ್ತಿದ್ದ.

"ಮೇಡಂ, ಆ ಕೊನೇ ಕಂತು ಅಂಗಡೀಲಿ ಇರ್ಬೇಕಲ್ಲ. ಕೊಟ್ರೆ ಬಳಗದಿಂದ ಶ್ರದ್ಧಾಂಜಲಿ ಅಂತ ಎಲ್ಲರಿಗೂ ಫ್ರೀ ಬಿಡ್ತೀವಿ."

"ಪುಸ್ತಕದಲ್ಲಿ ಮಾತ್ರ ಅಂದಿದ್ದ ಅವನು."

"ಅದು ಇದ್ದಾಗಿನ ಮಾತು ಮೇಡಂ."

ಧನ್ಯಶ್ರೀ ಹಾಲಮ್ಮನನ್ನು ಕೇಳಿದಳು. ಅವರು ಕೊನೆಯ ಕಂತಿನ ಪುಟಗಳಿದ್ದ ರಟ್ಟನ್ನು ಅವಳ ಕೈಗಿಟ್ಟರು. "ಅವ್ನು ಹೆಂಗೆ ಅಂದಿದ್ನೋ ಹಂಗೇ ಮಾಡವ್ವಾ. ಇದೊಂದಾದ್ರೂ ಅವ್ನ ಮಾತು ನಡೀಲಿ."

ಶಿವರಾಮಣ್ಣ ಕಾಗದದ ದುಡ್ಡನ್ನು ತನ್ನ ಕೈಯಿಂದಲೇ ಹಾಕಿದ. ಪುಸ್ತಕ ಬರುತ್ತಿದೆ, ಹಣ ತಾಯಿಗೆ ಸೇರುತ್ತದೆ ಎಂದು ಧನ್ಯಶ್ರೀ ಬಳಗದಲ್ಲಿ ಬರೆದಳು. ಮೊದಲ ಉತ್ತರ ಸೌಟಿನ ಹಚ್ಚೆಯ ಹುಡುಗಿಯದು: 'ಸತ್ತವರ ಹೆಸರಲ್ಲಿ ವ್ಯಾಪಾರ ಶುರು.' ಅದರ ಕೆಳಗೆ ಸಾಲು ಸಾಲು. ಅಣ್ಣ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದರು. ಟೀಚರಮ್ಮನಿಗೆ ಎಷ್ಟು ಪಾಲು ಎಂದರು. ಧನ್ಯಶ್ರೀ ಬಳಗವನ್ನು ಬಿಡಲಿಲ್ಲ. ಕೇಳಿದ ಕೆಲವರಿಗೆ ಪುಸ್ತಕವನ್ನು ತಾನೇ ಕವರಿಗೆ ಹಾಕಿ, ತೀರ್ಥಹಳ್ಳಿಯ ಪೋಸ್ಟಾಫೀಸಿಗೆ ಹೋಗಿ ಕಳಿಸಿದಳು. ಉಳಿದವು ಶಿವರಾಮಣ್ಣನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕಟ್ಟಿನ ಪಕ್ಕ ಇವೆ.

ಪುಸ್ತಕ ಕಳಿಸಿ ವಾರ ಕಳೆದಿರಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಅವಳ ಫೋನು ಒಂದೇ ಸಮನೆ ಗುಣುಗುಟ್ಟತೊಡಗಿತು. ಬಳಗದಲ್ಲಿ ಕೊನೆಯ ಕಂತು ಪುಟಪುಟವಾಗಿ ಬಂದು ಬೀಳುತ್ತಿತ್ತು. ಯಾರೋ ಪುಸ್ತಕವನ್ನು ಹಾಸಿಗೆಯ ಮೇಲೆ ಅಗಲಿಸಿ ಹಿಡಿದು ಫೋಟೋ ತೆಗೆದಿದ್ದರು. ಪ್ರತಿ ಪುಟದ ಮೂಲೆಯಲ್ಲೂ ಒಂದು ಹೆಬ್ಬೆಟ್ಟು ಕಾಣುತ್ತಿತ್ತು. ಪೂರ್ಣೇಶ ಪಾಳುಗೋಡೆಯ ಬುಡದಲ್ಲಿ ಕೂತು ಬರೆದ ಆ ಒಲೆಯ ಅರ್ಧ ಭಾಗ ಹೆಬ್ಬೆಟ್ಟಿನ ಅಡಿಗೆ ಹೋಗಿತ್ತು. ಕೆಳಗೆ ಕೈಮುಗಿದ ಚಿತ್ರಗಳು, ಅಳುವ ಮುಖಗಳು, 'ಓಂ ಶಾಂತಿ ಅಣ್ಣಾ', ಮತ್ತೆ ಕೆಂಪು ಹೃದಯಗಳು. ಇಷ್ಟು ಹೃದಯಗಳು ಅವನು ಬದುಕಿದ್ದಾಗಲೂ ಬಂದಿರಲಿಲ್ಲ.

ಎಲ್ಲಕ್ಕಿಂತ ಕೊನೆಯಲ್ಲಿ ಯಾರೋ ಬರೆದಿದ್ದರು: 'ಲಾಸ್ಟ್ ಪೇಜ್ ಸರಿಯಾಗಿ ಕಾಣ್ತಿಲ್ಲ, ಇನ್ನೊಂದ್ಸಲ ತೆಗ್ದು ಹಾಕಿ.'