ಬಚ್ಚಲ ಕಲ್ಲು ಸಾಲೆಗೆ ಹೋದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ನೆಲಕ್ಕೆ ಹಾಸುವ ಒಂದೇ ಒಂದು ಫರಸಿ ಕಲ್ಲು, ಅದೂ ಬಚ್ಚಲಲ್ಲಿ. ಉಳಿದದ್ದೆಲ್ಲ ಸಗಣಿ ಸಾರಿಸಿದ ಮಣ್ಣಿನ ನೆಲ. ಅಫಜಲಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ನಾಲ್ಕನೇ ತರಗತಿವರೆಗೆ ಮಾತ್ರ ಸಾಲೆ, ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಐದನೆಯದಕ್ಕೆ ಚೌಡಾಪುರಕ್ಕೆ ನಡೆಯಬೇಕು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದಿಲ್ಲ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಹಾಗಾಗಿ ಊರವರು ಸೇರಿ ಐದನೇ ತರಗತಿಗೆಂದು ಕೋಣೆ ಕಟ್ಟತೊಡಗಿದಾಗ ನಾಲ್ಕನೆಯದು ಮುಗಿಸಿ ಮನೆಯಲ್ಲಿದ್ದ ನನ್ನ ಅಕ್ಕನ ಜೀವವೆಲ್ಲ ಅಲ್ಲೇ ಇತ್ತು.

ಗೋಡೆ ಎದ್ದಿತು, ಮೇಲೆ ತಗಡು ಬಂತು. ನೆಲಕ್ಕೆ ಮನೆಗೊಂದು ಫರಸಿ ಕೇಳುತ್ತಾ ಮಾಸ್ತರರು ಒಂದು ದಿನ ಬಂಡಿ ಹೊಡೆಸಿಕೊಂಡು ಓಣಿ ಓಣಿ ತಿರುಗಿದರು. ಒಬ್ಬರು ಅಂಗಳದ ಕಲ್ಲು ಕಿತ್ತು ಕೊಟ್ಟರು, ಇನ್ನೊಬ್ಬರು ದನದ ಕೊಟ್ಟಿಗೆಯದು. ನಮ್ಮ ಬಾಗಿಲಿಗೆ ಬಂದಾಗ ಮಾಸ್ತರರು ಮೆಲ್ಲಗೆ, "ನಿಮ್ದು ಇರ್ಲಿ ಬಿಡ್ರಿ, ನಡೀತದ," ಎಂದರು. ಅಪ್ಪ ತಲೆ ತಗ್ಗಿಸಿಕೊಂಡು ಕೂಲಿಗೆ ಹೋದ.

ಅಕ್ಕನ ಕಣ್ಣು ತುಂಬಿತು. "ನಮ್ಮ ಮನಿ ಕಲ್ಲಿಲ್ಲದ ಸಾಲ್ಯಾಗ ನಾ ಹ್ಯಾಂಗ ಕೂಡ್ಲಿ?"

ಅವ್ವ ಕಟ್ಟಿಗೆ ತರಲು ಹೋಗಿದ್ದಳು. ಅಕ್ಕ ಪಕ್ಕದ ಮನೆಯ ಹಾರೆ ತಂದಳು. ಇಬ್ಬರೂ ಉಸಿರು ಕಟ್ಟಿ ಮೀಟಿದೆವು. ಕಲ್ಲು ಎದ್ದಾಗ ಅಡಿಯಿಂದ ತಂಪು ಮಣ್ಣಿನ, ಹಳೆಯ ಸಾಬೂನಿನ ವಾಸನೆ ಬಂತು, ಎರೆಹುಳುಗಳು ಗಾಬರಿಯಾಗಿ ಹೊರಳಾಡಿದವು. ಬೂದಿ ಹಾಕಿ ಕೈ ಉರಿಯುವಷ್ಟು ತಿಕ್ಕಿದೆವು. ಬಂಡಿ ತಿರುಗಿ ಬಂದಾಗ ಮಾಸ್ತರರು ಕಲ್ಲನ್ನೂ ಅಕ್ಕನ ಕೆಸರು ಕೈಯನ್ನೂ ನೋಡಿ, ಕಲ್ಲನ್ನು ಬಂಡಿಗೆ ಹೇರಿಸಿಕೊಂಡರು.

ಸಂಜೆ ಜಳಕಕ್ಕೆ ಹೋದ ಅವ್ವ ಕೆಸರಲ್ಲಿ ಕಾಲಿಟ್ಟು ಕಿರುಚಿದಳು, ಕಲ್ಲು ಸಾಲೆಗೆ ಹೋಯಿತೆಂದು ತಿಳಿದು ಇನ್ನಷ್ಟು ಸಿಟ್ಟಾದಳು. "ಸರಸ್ವತಿ ಇರೋ ಜಾಗಕ್ಕ ಬಚ್ಚಲ ಕಲ್ಲ ಕೊಡ್ತಾರೇನ? ಊರಾಗ ಹ್ಯಾಂಗ ಮುಖ ತೋರಿಸ್ಲಿ?" ಆಗಷ್ಟೇ ಬಂದಿದ್ದ ಅಪ್ಪ ಎಲ್ಲ ಕೇಳಿ, ಸಾಲೆಯ ಕಡೆ ಹೊರಟ. ಕಲ್ಲು ವಾಪಸ್ ತರುತ್ತಾನೆಂದು ಹೆದರಿ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ.

ಅವನು ಬರಿಗೈಯಲ್ಲಿ ಬಂದ. "ನಟ್ಟ ನಡುವ ಕೂಡ್ಸ್ಯಾರ," ಎಂದು ಅವ್ವನಿಗೆ ಹೇಳಿ, ಅಕ್ಕನ ಕಡೆ ತಿರುಗಿದ. "ಸಾಲಿ ಸುರು ಆದ ದಿನಾನೇ ಹೋಗು, ಮಗಳ."

ಎಷ್ಟೋ ವರ್ಷ ನೀರು ಬಿದ್ದ ಕಲ್ಲು, ಎಲ್ಲಕ್ಕಿಂತ ನುಣುಪು. ಅದರ ಮೇಲೆ ಕೂರಲು ಹುಡುಗರು ಗುದ್ದಾಡುತ್ತಿದ್ದರಂತೆ. ಅಕ್ಕನಿಗೆ ಒಂದು ದಿನವೂ ಆ ಜಾಗ ಸಿಗಲಿಲ್ಲ. ಅದನ್ನು ಹೇಳುವಾಗಲೂ ಅವಳ ಮುಖ ಅರಳುತ್ತಿತ್ತು.

ಈಗ ನಿಮ್ಮಿಬ್ಬರ ಶಾಲೆಯಲ್ಲಿ, ಮಕ್ಕಳೇ, ಬೆಂಚು, ಫ್ಯಾನು, ಹೊಳೆಯುವ ಟೈಲ್ಸು ಎಲ್ಲ ಇವೆ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನಿಮ್ಮನ್ನು ಗೇಟಿನಲ್ಲಿ ಬಿಟ್ಟು ಬರುವಾಗಲೆಲ್ಲ ಹೋದ ವರ್ಷ ತೀರಿಕೊಂಡ ಅಕ್ಕ ನೆನಪಾಗುತ್ತಾಳೆ. ಒಂದೇ ಒಂದು ದಿನ ಅವಳನ್ನು ಇಲ್ಲಿಗೆ ಕರೆತರಬೇಕಿತ್ತು. ಅವಳು ಹೊರಗೇ ನಿಂತು, "ಇದ್ರಾಗ ನಮ್ದೇನದ?" ಎಂದು ಕೇಳುತ್ತಿದ್ದಳು, ನನಗೆ ಗೊತ್ತು. ಆಗ ನಾನು ನಿಮ್ಮಿಬ್ಬರ ಕಡೆ ಕೈ ತೋರಿಸುತ್ತಿದ್ದೆ.