ಜಿಂಕೆಗಳ ಪರವಾಗಿ ಒಂದು ಕಾರ್ಡು

ಯಲ್ಲದಕೆರೆಯ ನಮ್ಮ ಮನೆಗೆ ಟಿವಿ ಬಂದ ವರ್ಷ, ಕ್ರಿಸ್‌ಮಸ್ ರಜೆಯ ಮಧ್ಯಾಹ್ನ ಒಂದು ಹಳೆಯ ಕಾರ್ಟೂನ್ ಚಿತ್ರ ಹಾಕಿದ್ದರು. ಹಿಮದಲ್ಲಿ ಜಿಂಕೆಗಳು ಹಾಡುತ್ತಾ ಗಡ್ಡದ ಮುದುಕನೊಬ್ಬನ ಗಾಡಿ ಎಳೆಯುತ್ತಿದ್ದವು. ಭಾಷೆ ತಿಳಿಯದಿದ್ದರೂ ಅಜ್ಜಿ ಕದಲದೆ ನೋಡಿದಳು. ಮುಗಿದ ಮೇಲೆ ಕನ್ನಡದ ನಿರೂಪಕಿ ಬಂದು, ಅಭಿಪ್ರಾಯ ಬರೆದು ಕಳಿಸಿ ಎಂದಳು.

ಏಳನೇ ಕ್ಲಾಸಿನಲ್ಲಿದ್ದ ನಾನು ಅಂಚೆ ಕಾರ್ಡು ತಂದು, ‘ಸಂಗೀತ ಸುಮಧುರವಾಗಿತ್ತು, ಚಿತ್ರಗಳು ಮನಮೋಹಕವಾಗಿದ್ದವು’ ಎಂದು ಬರೆದು ಓದಿ ಹೇಳಿದೆ.

“ಅಷ್ಟೇನಾ?” ಎಂದಳು ಅಜ್ಜಿ. “ಆ ಜಿಂಕೆಗಳು ಊರೂರು ಗಾಡಿ ಎಳದ್ವಲ್ಲ, ಒಬ್ರಾದ್ರೂ ಒಂದು ಹಿಡಿ ಹುಲ್ಲು ಹಾಕಿದ್ರಾ? ಅದನ್ನ ಬರಿ ಮೊದ್ಲು.”

“ಅವು ಬರೇ ಚಿತ್ರ ಅಜ್ಜಿ, ನಿಜವಾದ ಜಿಂಕೆ ಅಲ್ಲ.”

“ಜಿಂಕೆ ಬರ್ದೋರಿಗೆ ಹುಲ್ಲು ಬರ್ಯಾಕೆ ಏನು ಕಷ್ಟ?”

ಕಾರ್ಡಿನ ಮೂಲೆಯಲ್ಲಿ ಅದನ್ನೂ ಸಣ್ಣಗೆ ಬರೆದೆ.

ಕೆಲವು ವಾರಗಳ ನಂತರ, ವೀಕ್ಷಕರ ಪತ್ರ ಓದುವ ಕಾರ್ಯಕ್ರಮದಲ್ಲಿ ನಮ್ಮೂರಿನ ಹೆಸರು ಕೇಳಿಸಿತು. ನಿರೂಪಕಿ ನನ್ನ ಸುಮಧುರ, ಮನಮೋಹಕಗಳನ್ನೆಲ್ಲ ಬಿಟ್ಟು ಹುಲ್ಲಿನ ಸಾಲನ್ನಷ್ಟೇ ಓದಿ ನಕ್ಕುಬಿಟ್ಟಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿಗೆ ಮಾತ್ರ ಸಿಟ್ಟು ಬಂತು.

“ನಗ್ತಾಳಲ್ಲ ಇವಳು! ಹಾಕ್ತೀವಿ ಅಂತಾನೂ ಹೇಳ್ಲಿಲ್ಲ, ಹಾಕಲ್ಲ ಅಂತಾನೂ ಹೇಳ್ಲಿಲ್ಲ. ಲೇ, ಇನ್ನೊಂದು ಕಾರ್ಡು ತಗಂಡು ಬಾ.”