ಈರಮ್ಮಾಯಿ ಸತ್ತ ದಿನದ ನೀರು

ಇದು ನಡೆದದ್ದು ನಿಜ ಎಂದು ನಾನು ಆಣೆ ಹಾಕುವುದಿಲ್ಲ. ಸುಳ್ಳು ಹೇಳಿದವಳ ಆಣೆಯನ್ನು ಯಾರು ನಂಬುತ್ತಾರೆ? ಇದರಲ್ಲಿ ಸುಳ್ಳು ಹೇಳಿದವಳು ನಾನೇ. ಕಟ್ಟುಕತೆ ಹೇಳುವ ಮನಸ್ಸಿದ್ದರೆ ನನ್ನನ್ನು ಸ್ವಲ್ಪ ಒಳ್ಳೆಯವಳಾಗಿ ತೋರಿಸಿಕೊಳ್ಳುತ್ತಿದ್ದೆ. ಇಷ್ಟರ ಮೇಲೆ ನಂಬುವುದು ಬಿಡುವುದು ನಿಮಗೆ ಸೇರಿದ್ದು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊಸತು. ನನ್ನ ಗಂಡನಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ, ವಾರ ಬಿಟ್ಟು ವಾರ ರಾತ್ರಿ ಪಾಳಿ. ಸ್ಟೇಷನ್ನಿನಿಂದ ತುಸು ದೂರದಲ್ಲಿ ಗುಂಡಪ್ಪ ಸಾವ್ಕಾರರ ಮನೆಯಲ್ಲಿ ನಾವು ಬಾಡಿಗೆಗೆ ಇದ್ದೆವು. ಒಂದು ಅಂಗಳ, ಅದರ ಸುತ್ತ ಮೂರು ಖೋಲಿ, ನಡುವೆ ನೀರಿನ ಟಾಕಿ. ಗೋಡೆ, ನೆಲ, ಕಟ್ಟೆ, ಟಾಕಿ ಎಲ್ಲವೂ ಫರಸಿ ಕಲ್ಲಿನವೇ. ಬೇಸಿಗೆಯಲ್ಲಿ ಆ ಕಲ್ಲು ನಡುರಾತ್ರಿಯಾದರೂ ಅಂಗಾಲು ಸುಡುತ್ತಿತ್ತು.

ಒಂದು ಖೋಲಿ ನಮ್ಮದು. ಇನ್ನೊಂದರಲ್ಲಿ ಕಾಶಮ್ಮ, ಅವಳ ಗಂಡ, ನಾಲ್ಕು ಮಕ್ಕಳು. ಕೊನೆಯದು ಎರಡು ತಿಂಗಳ ಕೂಸು. ಗಂಡ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವ ಗಟ್ಟಿ ಆಳು. ಮೂರನೆಯ ಖೋಲಿಯಲ್ಲಿ ಈರಮ್ಮಾಯಿ ಎಂಬ ಒಂಟಿ ಮುದುಕಿ. ಸದಾ ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ತಿಕ್ಕುತ್ತಾ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ಅವಳು ಬರುವ ಮೊದಲೇ ಆ ಘಾಟು ಬರುತ್ತಿತ್ತು.

ಸಾವ್ಕಾರರ ಹೊಲದ ಬಾವಿಯಿಂದ ಮೂರು ದಿನಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ನೀರು ಬಂದು ಟಾಕಿ ತುಂಬುತ್ತಿತ್ತು. ಮೂರು ಮನೆಗೂ ಅಷ್ಟರಲ್ಲೇ ಮೂರು ದಿನ. ಟಾಕಿಯ ಮೇಲೆ ದಪ್ಪ ಕಲ್ಲಿನ ಹಾಸು, ಅದರಲ್ಲೊಂದು ಕಿಂಡಿ, ಕಿಂಡಿಗೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಕೀಲಿ. ಕೀಲಿಕೈ ನನ್ನ ಸೊಂಟದಲ್ಲಿ.

ನೀರು ಹಂಚುವ ಕೆಲಸವನ್ನು ಸಾವ್ಕಾರರು ನನಗೇ ವಹಿಸಿದ್ದರು. ನಾನು ಐನಾಪುರದ ಕಡೆಯವಳು, ಒಂದು ಕೊಡಕ್ಕೆ ಗುಡ್ಡ ಹತ್ತಿ ಇಳಿದು ಬೆಳೆದವಳು. ನೀರಿನ ವಿಷಯದಲ್ಲಿ ನಾನು ಯಮ. ದೊಡ್ಡವರಿಗೆ ದಿನಕ್ಕೆ ಒಂದೂವರೆ ಕೊಡ, ಮಕ್ಕಳಿಗೆ ಅರ್ಧ. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಸಬೇಕು. ಬಟ್ಟೆ ಹಿಂಡಿದ ನೀರಿನಲ್ಲಿ ಅಂಗಳ ಬಳಿಯಬೇಕು. ಯಾರ ಮೋರಿಯಲ್ಲಾದರೂ ತಿಳಿ ನೀರು ಹರಿದರೆ ಅವರ ಮನೆ ಬಾಗಿಲಿಗೆ ನಾನು ಹಾಜರು.

ಕಾಶಮ್ಮ ಕಾಗಿಣಾ ಹೊಳೆಯ ದಂಡೆಯ ಊರಿನವಳು. ಹೊಳೆಯಲ್ಲಿ ಆಡಿ ಬೆಳೆದವಳಿಗೆ ಕೈ ಬಿಗಿ ಹಿಡಿಯುವುದು ಹೇಗೆ ಗೊತ್ತಿರಬೇಕು?

"ಏನ ಕಾಶಮ್ಮ, ಬರ್ತಾ ಹೊಳಿ ಬಗಲಾಗ ಇಟ್ಕೊಂಡ ಬಂದೀಯೇನು?" ಎಂದು ಕೆಣಕುತ್ತಿದ್ದೆ.

"ಮೈಮ್ಯಾಲ ಎರಡ ತಂಬಿಗಿ ಬೀಳ್ದಿದ್ರ ಕೂಸು ನಿದ್ದೀನ ಮಾಡಂಗಿಲ್ರಿ ಅಕ್ಕಾ," ಎಂದು ನಗುತ್ತಿದ್ದಳು.

ಅವಳು ನಗುವುದು ನನಗೆ ಹಿಡಿಸುತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಆ ದಿನ ಸಂಜೆ ಗಾಡಿ ಬಂದು ಟಾಕಿ ಕಂಠಮಟ್ಟ ತುಂಬಿತ್ತು. ನಾನು ಮುಚ್ಚಳ ತೆಗೆದು ಹಂಚಲು ನಿಂತೆ. ಮೊದಲು ಬಂದವಳು ಈರಮ್ಮಾಯಿ. ಅವಳ ಕೊಡ ತುಂಬಿಸಿ ಕೊಟ್ಟೆ. ನಾಲ್ಕು ಹೆಜ್ಜೆ ಹೋದವಳು ಕಟ್ಟೆಯ ಮೇಲೆ ಕೂತಳು.

"ಯವ್ವಾ... ಯಾಕೋ ಜೀವಕ್ಕ ಹಗುರ ಆಗವಲ್ದು," ಎಂದಳು.

ಅಷ್ಟೇ. ಹಾಗೆಯೇ ಗೋಡೆಗೆ ಒರಗಿದಳು. ನಾನು ಹೋಗಿ ಮುಟ್ಟಿ ನೋಡಿದೆ. ಉಸಿರು ಇರಲಿಲ್ಲ.

ಈಗ ನಾನು ಮಾಡಿದ ಕೆಲಸ ಕೇಳಿ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೊಡ, ಹಂಡೆ, ಗಡಿಗೆ ಎಲ್ಲ ಬೋರಲು ಹಾಕಿ ಚೆಲ್ಲಬೇಕು, ಆಮೇಲೆ ಹೊಸ ನೀರು ತರಬೇಕು. ನಮ್ಮ ಕಡೆ ಎಷ್ಟೇ ಬಡವರಾದರೂ ಇದನ್ನು ತಪ್ಪಿಸುವುದಿಲ್ಲ. ಟಾಕಿ ಬಾಯಿ ತೆರೆದುಕೊಂಡಿತ್ತು. ಬಕೀಟು ನೀರಿನಲ್ಲೇ ತೇಲುತ್ತಿತ್ತು. ಸುತ್ತ ನೋಡಿದೆ. ಯಾರೂ ಇರಲಿಲ್ಲ, ಕಾಶಮ್ಮ ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದಳು. ನಾನು ಬಕೀಟು ತೆಗೆದೆ, ಮುಚ್ಚಳ ಹಾಕಿದೆ, ಕೀಲಿ ಜಡಿದೆ... ಆಮೇಲೆ ಜನರನ್ನು ಕೂಗಿದೆ.

ಮಣ್ಣು ಮುಗಿಸಿ ಬಂದ ಸಾವ್ಕಾರರು ತಲೆ ಕೆರೆದುಕೊಂಡು ನಿಂತರು. ಬಾವಿಯ ನೀರು ತಳ ಕಂಡಿತ್ತು.

"ಅಕ್ಕೋರ, ಆಯಿ ಹೋದಾಗ ಟಾಕಿ ಮುಚ್ಚಳ ಹಾಕಿತ್ತೋ ಇಲ್ಲೋ, ಅಷ್ಟ ಹೇಳ್ರಿ. ಹಾಕಿದ್ರ ಅದು ಬಾವಿ ಇದ್ದಂಗ, ಚೆಲ್ಲೂದು ಬ್ಯಾಡ."

"ಹಾಕಿತ್ರಿ," ಎಂದೆ.

ಎಲ್ಲರೂ ಮನೆಯೊಳಗಿನ ಕೊಡಗಳನ್ನು ಚೆಲ್ಲಿದರು. ಟಾಕಿಯ ನೀರು ಹಾಗೆಯೇ ಉಳಿಯಿತು. ನಾವೆಲ್ಲ ಅದನ್ನೇ ಕುಡಿದೆವು.

ಈರಮ್ಮಾಯಿಯ ದಿನಕರ್ಮ ಮುಗಿದ ಮರುದಿನದಿಂದ ಶುರುವಾಯಿತು. ಸಂಜೆ ಕೀಲಿ ಹಾಕುವ ಮುಂಚೆ ನಾನು ಟಾಕಿಯ ಒಳಗೋಡೆಗೆ ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದೆ. ಬೆಳಗ್ಗೆ ತೆರೆದರೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೆ. ಮರುದಿನವೂ ನಾಲ್ಕು ಬೆರಳು. ಅದರ ಮರುದಿನವೂ... ಆ ಟಾಕಿಯಲ್ಲಿ ನಾಲ್ಕು ಬೆರಳೆಂದರೆ ಸುಮಾರು ಹನ್ನೆರಡು ಕೊಡ ನೀರು. ಮೂರು ದಿನದ ನೀರು ಎರಡೇ ದಿನಕ್ಕೆ ಖಾಲಿಯಾಗತೊಡಗಿತು.

ಸಾವ್ಕಾರರು ಟಾಕಿ ಕಟ್ಟಿದ ಗೌಂಡಿಯನ್ನು ಕರೆಸಿದರು. ಅವನು ಒಳಗಿಳಿದು ಸಂದು ಸಂದು ತಡವಿ, ಎಲ್ಲೂ ಸೋರುವುದಿಲ್ಲ ಎಂದು ಹೇಳಿ ಹೋದ. ಹಾಗಿದ್ದರೆ ಯಾರೋ ಕದಿಯುತ್ತಿದ್ದಾರೆ. ಕೀಲಿ ಇರುವಾಗ ಕದಿಯಬೇಕೆಂದರೆ ಮೇಲಿನ ಕಲ್ಲನ್ನೇ ಸರಿಸಬೇಕು. ಅಂಥ ಕಲ್ಲು ಎತ್ತುವ ಗಂಡಸು ಇದ್ದದ್ದು ಕಾಶಮ್ಮನ ಮನೆಯಲ್ಲಿ. ನೀರು ಜಾಸ್ತಿ ಬಳಸುವವಳೂ ಅವಳೇ. ಸಾವ್ಕಾರರು ನನ್ನನ್ನು ಕೇಳಿದರು. ನಾನು ಇಲ್ಲ ಎನ್ನಲಿಲ್ಲ.

"ಅಮಾಸಿ ಒಳಗ ಖೋಲಿ ಖಾಲಿ ಮಾಡ್ರಿ," ಎಂದು ಅವರು ಅಂಗಳದಲ್ಲೇ ನಿಂತು ಹೇಳಿದರು.

ಕಾಶಮ್ಮ ಕೂಸಿನ ತಲೆ ಮುಟ್ಟಿ ಆಣೆ ಮಾಡಿದಳು. "ಒಂದ ಹನಿ ತಗೊಂಡಿಲ್ರಿ ಸಾವ್ಕಾರ್ರ. ಈ ಬಿಸಲಾಗ ಹಸಗೂಸು ತಗೊಂಡು ಎಲ್ಲಿಗಿ ಹೋಗಲ್ರಿ?"

ಸಾವ್ಕಾರರು ಕೇಳಿಸಿಕೊಳ್ಳದೆ ಹೋದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಹೆತ್ತವಳು ಸುಮ್ಮನೆ ಮಗುವಿನ ತಲೆ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಗಂಡನಿಗೆ ರಾತ್ರಿ ಪಾಳಿ. ಇವತ್ತು ಕಣ್ಣಾರೆ ನೋಡಿಯೇ ಬಿಡೋಣ ಎಂದು ಟಾಕಿಗೆ ಹತ್ತಿಕೊಂಡೇ ಮಲಗುವ ಹೊರಸು ಹಾಕಿದೆ. ಕಂದೀಲು ಸಣ್ಣಗೆ ಮಾಡಿ ಕೆಳಗಿಟ್ಟೆ. ನಿಜ ಹೇಳಲಾ? ಅವರೇ ಕಳ್ಳರಾಗಲಿ ದೇವರೇ ಎಂದು ಬೇಡಿಕೊಳ್ಳುತ್ತಾ ಮಲಗಿದೆ. ಕಾಶಮ್ಮನ ಗಂಡ ಬಂದು ಕಲ್ಲು ಸರಿಸಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು.

ದೂರದಲ್ಲಿ ಇಂಜಿನ್ನುಗಳು ಡಬ್ಬಿಗಳನ್ನು ಜೋಡಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಗಾಳಿ ಇರಲಿಲ್ಲ. ಒಂದು ನಾಯಿಯೂ ಬೊಗಳಲಿಲ್ಲ.

ಆಗ ಕೇಳಿಸಿತು...

ಗುಳು... ಗುಳು... ಗುಳು...

ಕೊಡದ ಬಾಯಿಯನ್ನು ನೀರಿನಲ್ಲಿ ಮುಳುಗಿಸಿದಾಗ ಬರುವ ಸದ್ದು. ಅದು ಬರುತ್ತಿದ್ದದ್ದು ಟಾಕಿಯ ಒಳಗಿನಿಂದ. ಮುಚ್ಚಳ ಹಾಕಿತ್ತು. ಕೀಲಿ ಕಂದೀಲಿನ ಬೆಳಕಿಗೆ ಮಿಣುಕುತ್ತಿತ್ತು. ಕಲ್ಲು ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಸದ್ದು ನಿಂತಿತು. ಕೊಡ ತುಂಬಿತ್ತು.

ಆಮೇಲೆ ಒದ್ದೆ ಕಾಲಿನ ಹೆಜ್ಜೆ. ಪಚ್... ಪಚ್... ಪಚ್. ನನ್ನ ಹೊರಸಿನ ಪಕ್ಕದಲ್ಲೇ ಹಾದು ಮೋರಿಯ ಕಡೆಗೆ ಹೋಯಿತು. ಅಲ್ಲಿ ಧೋ ಎಂದು ನೀರು ಚೆಲ್ಲಿತು. ಖಾಲಿ ಕೊಡ ಕಲ್ಲಿಗೆ ತಾಗಿ ಠಣ್ ಎಂದಿತು. ಹೆಜ್ಜೆ ತಿರುಗಿ ಬಂತು. ಮತ್ತೆ ಗುಳು ಗುಳು...

ನಾನು ಹೊರಸಿನ ಕಟ್ಟು ಬಿಗಿ ಹಿಡಿದು ಮಲಗಿಯೇ ಇದ್ದೆ. ದಿನವೂ ಕೊಡ ಎಣಿಸುವ ಹಾಳು ಚಟ ನೋಡಿ, ಆ ಭಯದಲ್ಲೂ ನಾನು ಎಣಿಸುತ್ತಲೇ ಇದ್ದೆ. ಒಂಬತ್ತು... ಹತ್ತು... ಹನ್ನೊಂದು. ಹೆಜ್ಜೆ ಹತ್ತಿರ ಬಂದಾಗಲೆಲ್ಲ ಮೂಗಿಗೆ ಬಡಿಯುತ್ತಿದ್ದದ್ದು ಸುಟ್ಟ ತಂಬಾಕಿನ ಘಾಟು.

ಹೇಗೋ ಧೈರ್ಯ ತಂದುಕೊಂಡು ಕಂದೀಲು ದೊಡ್ಡದು ಮಾಡಿ ಎದ್ದೆ. ಅಂಗಳದ ಕಲ್ಲು ಬಿಸಿಯಾಗಿತ್ತು, ಒಣಗಿತ್ತು. ಒಂದೇ ಒಂದು ಹೆಜ್ಜೆಯ ಗುರುತಿಲ್ಲ. ಮೋರಿಗೆ ಕೈ ಹಾಕಿದೆ. ಬೆರಳಿಗೆ ಹತ್ತಿದ್ದು ಒಣ ಧೂಳು.

"ಅಕ್ಕಾ..."

ಹೌಹಾರಿ ತಿರುಗಿದೆ. ಕಾಶಮ್ಮ ತನ್ನ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ನಿಮಗೂ ಕೇಳಸ್ತದೇನ್ರಿ?" ಪಿಸುಗುಟ್ಟಿದಳು. "ಆಯಿ ನೀರ ಚೆಲ್ಲಾಕತ್ತಾಳ್ರಿ. ದಿನಾ ರಾತ್ರಿ ಇದ. ನನ್ನ ಗಂಡಗ ಏನೂ ಕೇಳಸಂಗಿಲ್ಲ, ನಿನಗ ಹುಚ್ಚು ಹಿಡದದ ಅಂತಾನ."

ಅವಳು ಅಂಗಳಕ್ಕೆ ಇಳಿದು ನನ್ನ ಎದುರು ಬಂದು ನಿಂತಳು.

"ಅಕ್ಕಾ, ಖರೇ ಹೇಳ್ರಿ. ಆಯಿ ಜೀವಾ ಹೋದಾಗ ಮುಚ್ಚಳ ಹಾಕಿತ್ತೇನ್ರಿ? ಹಾಕಿದ್ದಿಲ್ಲಂದ್ರ ಆ ನೀರು ಅವತ್ತೇ ಚೆಲ್ಲಿ ಟಾಕಿ ತೊಳೀಬೇಕಿತ್ತು. ನಾವು ಚೆಲ್ಲಲಿಲ್ಲಂತ ಆಕಿ ಚೆಲ್ಲಾಕತ್ತಾಳ. ಸಾವ್ಕಾರ್ರಿಗೆ ನೀವೊಂದ ಮಾತ ಹೇಳಿದ್ರ ನಾವು ಉಳೀತೀವ್ರಿ. ನಿಮ್ಮ ಕಾಲ ಬೀಳ್ತೀನಿ."

ಬಾಯಿಯವರೆಗೂ ಬಂದಿತ್ತು. ಆದರೆ ಹೇಳಿದರೆ? ಹೆಣ ಪಕ್ಕದಲ್ಲಿರುವಾಗ ಕೀಲಿ ಹಾಕಿದವಳು, ಎಲ್ಲರಿಗೂ ಸೂತಕದ ನೀರು ಕುಡಿಸಿದವಳು ಎಂದು ಊರೆಲ್ಲ ಉಗಿಯುತ್ತಿತ್ತು. ಖೋಲಿ ಬಿಡುವ ಸರದಿ ನಮ್ಮದಾಗುತ್ತಿತ್ತು.

"ಹಾಕಿತ್ತ," ಎಂದೆ.

ಕಾಶಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಮತ್ತೆ ಯಾವ ಸದ್ದೂ ಬರಲಿಲ್ಲ. ಬೆಳಗಾಗುವವರೆಗೂ ನಾನು ಹೊರಸಿನ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದೆ.

ಮರುದಿನದ ರಾತ್ರಿ ಟಾಕಿಯ ನೀರು ಗೆರೆ ಬಿಟ್ಟು ಇಳಿಯಲಿಲ್ಲ. ಅದರ ಮರುರಾತ್ರಿಯೂ ಇಳಿಯಲಿಲ್ಲ. ಸಾವ್ಕಾರರಿಗೆ ಅದಕ್ಕಿಂತ ಸಾಕ್ಷಿ ಬೇಕಾಗಲಿಲ್ಲ.

"ನೋಡ್ರಿ ಅಕ್ಕೋರ, ನೀವು ಕಾವಲ ಕುಂತಿದ್ದಕ್ಕ ಕಳ್ಳರು ಹೆದರ್ಯಾರ," ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಕಾಶಮ್ಮನ ಸಾಮಾನು ಗಾಡಿಗೇರಿತು. ಹೋಗುವ ಮುಂಚೆ ಅವಳು ತನ್ನ ಖೋಲಿಯಲ್ಲಿ ಉಳಿದಿದ್ದ ಎರಡು ಕೊಡ ನೀರನ್ನು ತಂದು, ಕಿಂಡಿ ತೆಗೆಸಿ, ಟಾಕಿಗೆ ಸುರಿದಳು. ಬಿಸಿಲಿಗೆ ಕೂಸು ಕಿರುಚಿ ಅಳುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಆ ಅಳು ಗಾಡಿ ಮರೆಯಾದ ಮೇಲೂ ಕೇಳುತ್ತಿತ್ತು.

ಒಂದೇ ಒಂದು ಬೆಳಗ್ಗೆ ನೀರು ಮತ್ತೆ ಇಳಿದಿದ್ದರೆ ಸಾಕಿತ್ತು. ಕಾಶಮ್ಮ ಕಳ್ಳಿಯಲ್ಲ ಎಂದು ನನ್ನ ಸುಳ್ಳನ್ನು ಬಿಚ್ಚದೆಯೇ ಹೇಳಬಹುದಿತ್ತು. ದಿನವೂ ಆಸೆಯಿಂದ ಮುಚ್ಚಳ ತೆಗೆಯುತ್ತಿದ್ದೆ. ನೀರು ಗೆರೆಯಲ್ಲೇ ಇರುತ್ತಿತ್ತು.

ಮಳೆಗಾಲ ಬಂತು. ನನಗೆ ನಿದ್ದೆ ಬರುವುದೇ ನಿಂತಿತ್ತು. ಒಂದು ಮಧ್ಯಾಹ್ನ ಗಂಡನಿಗೂ ಹೇಳದೆ ಶಹಾಬಾದಿನ ರೈಲು ಹತ್ತಿದೆ. ಕಾಶಮ್ಮನ ಮನೆಯವರು ಅಲ್ಲಿನ ಖಣಿಯ ಹತ್ತಿರ ತಟ್ಟಿಯ ಗುಡಿಸಲಿನಲ್ಲಿ ಇದ್ದರು. ಕೂಸು ಬದುಕಿತ್ತು, ತೆವಳುತ್ತಿತ್ತು. ಅದನ್ನು ಕಂಡು ನನಗೆ ಅಳುವೇ ಬಂತು.

ಕಾಶಮ್ಮ ಚಾಪೆ ಹಾಸಿದಳು. "ಬರ್ರಿ, ಕುಂದ್ರಿ," ಎಂದಳು. ಒಳಗೆ ಹೋಗಿ ಎರಡು ತಂಬಿಗೆ ನೀರು ತಂದು ಚಾಪೆಯ ಮುಂದಿಟ್ಟಳು.

ನಾನು ನೀರು ಮುಟ್ಟುವ ಮೊದಲು ಎಲ್ಲ ಹೇಳಿದೆ. ಮುಚ್ಚಳ ತೆರೆದಿದ್ದದ್ದು, ಕೀಲಿ ಜಡಿದದ್ದು, ಆಮೇಲೆ ಕೂಗಿದ್ದು. ಸಾವ್ಕಾರರಿಗೂ ಹೇಳುತ್ತೇನೆ, ಮತ್ತೆ ಬಂದುಬಿಡು ಎಂದು ಅವಳ ಕೈ ಹಿಡಿದುಕೊಂಡೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನನಗ ಗೊತ್ತಿತ್ರಿ ಅಕ್ಕಾ. ಅವತ್ತ ರಾತ್ರಿ ಆಯಿ ನಿಮ್ಮ ಹಿಂದ ನಿಂತಿದ್ಳು. ಹನ್ನೆರಡನೇ ಕೊಡ ಅದು, ಬಗಲಾಗ ಇತ್ತು. ನೀವು 'ಹಾಕಿತ್ತ' ಅಂದ್ರಿ ನೋಡ್ರಿ, ಆಕಿ ಕೊಡ ಕೆಳಗ ಇಟ್ಟಳು. ಚೆಲ್ಲೂದ ಬಿಟ್ಟು ನಿಮ್ಮ ಮಾರಿನೇ ನೋಡಕೋತ ನಿಂತಳು."

ಹೊರಗೆ ಮಳೆ ಹಿಡಿದಿತ್ತು. ನನ್ನ ಮುಂದಿನ ತಂಬಿಗೆ ಎತ್ತಿಕೊಂಡೆ. ಇನ್ನೊಂದು ನನ್ನ ಪಕ್ಕದಲ್ಲಿ, ಖಾಲಿ ಚಾಪೆಯ ಮುಂದೆ ಹಾಗೆಯೇ ಇತ್ತು.

"ಇದು ಯಾರಿಗಿ ಕಾಶಮ್ಮ?"

ಅವಳು ನನ್ನನ್ನು ನೋಡಿದಳು, ನನ್ನ ಪಕ್ಕಕ್ಕೆ ನೋಡಿದಳು.

"ಒಬ್ರ ಬಂದೀರೇನ್ರಿ ನೀವು?"

ನಾನು ಒಬ್ಬಳೇ ಹೋಗಿದ್ದೆ. ರೈಲಿನಲ್ಲಿ ನನ್ನ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಇಷ್ಟು ವರ್ಷವಾದರೂ ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತಲೇ ಇದ್ದೇನೆ...